ಬದುವಿನ ಮರದ ಪರವಾಗಿ: ಮೈಸೂರಿನ ಒಂದು ಬಳಗದ ಪ್ರಣಾಳಿಕೆ

ಮೈಸೂರಿನ ಸುತ್ತಲಿನ ಹೊಲಗದ್ದೆಗಳಲ್ಲಿ ಇನ್ನೂ ನಿಂತಿರುವ ಮರಗಳನ್ನು ಕಾಯಲು ನಾವು ಒಂದು ಬಳಗ ಕಟ್ಟುತ್ತಿದ್ದೇವೆ. ವರುಣಾ, ಜಯಪುರ, ಇಲವಾಲ ಹೋಬಳಿಗಳ ರಾಗಿ ಹೊಲದ ಬದುವಿನ ಹೊಂಗೆ, ಬಾವಿ ಪಕ್ಕದ ಅತ್ತಿ, ಕಣದ ಬದಿಯ ಹುಣಸೆ, ಎರಡು ಜಮೀನಿನ ಗಡಿಯಲ್ಲಿ ನಿಂತ ಬೇವು, ಯಾರೂ ನೆಡದೆ ಹಕ್ಕಿ ಉದುರಿಸಿದ ಬೀಜದಿಂದ ಎದ್ದ ನೇರಳೆ, ಬಿಳಿಜಾಲಿ, ಕಕ್ಕೆ, ಇವುಗಳ ಜೊತೆ ನಮ್ಮ ಕೆಲಸ. ಕಾಡಿಗೆ ಅರಣ್ಯ ಇಲಾಖೆ ಇದೆ. ಊರೊಳಗಿನ ಸಾಲುಮರಕ್ಕೆ ಪಾಲಿಕೆ ಇದೆ, ದನಿ ಎತ್ತುವ ನಾಗರಿಕರಿದ್ದಾರೆ. ಹೊಲದ ಮರ ಇಂದಿಗೂ ನಿಂತಿದೆ ಎಂದರೆ ಅದಕ್ಕೆ ಕಾರಣ ಒಂದೇ. ಆ ಹೊಲದ ರೈತರು ಅದನ್ನು ಕಡಿಯದೆ ಬಿಟ್ಟಿದ್ದಾರೆ.

ಮೈಸೂರಿನವರಿಗೆ ಮರದ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಹೇಳಲಾರರು. 2021ರಲ್ಲಿ ಲಲಿತಮಹಲ್ ಅರಮನೆಯ ಬಳಿ ಹೆಲಿಕಾಪ್ಟರ್ ಪ್ರವಾಸಕ್ಕಾಗಿ ನೂರಾರು ಮರ ಕಡಿಯುವ ಪ್ರಸ್ತಾವ ಬಂದಾಗ ಊರು ಎದ್ದು ನಿಂತಿತು, ಪ್ರಸ್ತಾವ ಹಿಂದೆ ಸರಿಯಿತು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳು ಉರುಳಿದಾಗ ಜನ ಬೀದಿಗಿಳಿದು ಉತ್ತರ ಕೇಳಿದರು. ಆ ಹೋರಾಟಗಳಿಗೆ ನಾವು ಋಣಿಗಳು. ಆದರೆ ವರ್ತುಲ ರಸ್ತೆ ದಾಟಿ ಹತ್ತು ಕಿಲೋಮೀಟರ್ ಆಚೆ ಹೋದರೆ, ಮೂರು ತಲೆಮಾರಿಗೆ ಹುಳಿ ಕೊಟ್ಟ ಹುಣಸೆ ಮರ ಒಂದೇ ಮಧ್ಯಾಹ್ನದಲ್ಲಿ ಉರುಳಿ, ತುಂಡಾಗಿ, ಟ್ರ್ಯಾಕ್ಟರ್ ಏರಿ ಹೊರಟುಹೋಗುತ್ತದೆ. ಪತ್ರಿಕೆಯಲ್ಲಿ ಸುದ್ದಿಯಿಲ್ಲ. ಲೆಕ್ಕ ಇಡುವವರೂ ಇಲ್ಲ. ಊರಿಗೊಂದರಂತೆ ಹೀಗೆ ಹೋಗುತ್ತಿರುವ ಮರಗಳನ್ನು ಕೂಡಿಸಿದರೆ ನಗರದ ಯಾವ ರಸ್ತೆಯ ನಷ್ಟಕ್ಕಿಂತಲೂ ಅದು ದೊಡ್ಡದು.

ಇದು ನಮ್ಮ ಕಲ್ಪನೆಯಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಭಾರತದ ಹೊಲಗಳಲ್ಲಿರುವ ಸುಮಾರು 60 ಕೋಟಿ ಮರಗಳನ್ನು ಒಂದೊಂದಾಗಿ ಗುರುತಿಸಿ, 2024ರ ಮೇ ತಿಂಗಳಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಅದರ ವರದಿ ಪ್ರಕಟಿಸಿದರು. 2010-11ರಲ್ಲಿ ಕಂಡಿದ್ದ ದೊಡ್ಡ ಮರಗಳ ಪೈಕಿ ಶೇ 11ರಷ್ಟು 2018ರ ಹೊತ್ತಿಗೆ ಇರಲಿಲ್ಲ. 2018ರಿಂದ 2022ರ ನಡುವೆ, ಸುಮಾರು 67 ಚದರ ಮೀಟರ್ ನೆರಳು ಚೆಲ್ಲುವಷ್ಟು ಹರವಾದ ಮರಗಳೇ 50 ಲಕ್ಷಕ್ಕೂ ಹೆಚ್ಚು ಕಾಣೆಯಾದವು. ಬೇಸಾಯದ ಕ್ರಮ ಬದಲಾದದ್ದು, ಹೊಲದೊಳಗಿನ ಮರ ಇಳುವರಿಗೆ ಅಡ್ಡಿ ಎಂಬ ಎಣಿಕೆ ಬೆಳೆದದ್ದು ಇದಕ್ಕೆ ಕಾರಣವೆಂದು ಅವರು ಹೇಳಿದರು. ಇದೇ ವರ್ಷಗಳಲ್ಲಿ ದೇಶದ ಹಸಿರು ಹೊದಿಕೆ ಹೆಚ್ಚಿತೆಂಬ ವರದಿಗಳೂ ಬಂದವು. ಎರಡೂ ಒಟ್ಟಿಗೆ ನಿಜವಾಗಬಲ್ಲವು. ಐವತ್ತು ವರ್ಷದ ಹಿಪ್ಪೆ ಹೋಗಿ ಅದರ ಜಾಗದಲ್ಲಿ ಹತ್ತು ಸಿಲ್ವರ್ ಓಕ್ ಬಂದರೆ ಲೆಕ್ಕದಲ್ಲಿ ಲಾಭ, ಹೊಲದಲ್ಲಿ ನಷ್ಟ.

ನಮ್ಮ ಸೀಮೆಯಲ್ಲಿ ಮರ ಹೋಗುವ ದಾರಿಗಳು ಹಲವು. ಬಡಾವಣೆಗೆಂದು ಜಮೀನು ಪರಿವರ್ತನೆಯಾದರೆ ಜೆಸಿಬಿ ಮೊದಲು ತಳ್ಳುವುದು ಬದುವನ್ನು, ಬದುವಿನ ಜೊತೆ ಮರವನ್ನು. ನಾಲೆಯ ನೀರು ಬಂದ ಕಡೆ ಹೊಲವನ್ನು ಮಟ್ಟ ಮಾಡಿ ಗದ್ದೆ ಮಾಡುವಾಗಲೂ ಹೀಗೇ. ಅಣ್ಣತಮ್ಮಂದಿರು ಭಾಗವಾದಾಗ ಗಡಿಯ ಮರ ಯಾರದು ಎಂಬ ಜಗಳಕ್ಕೆ ಕೊಡಲಿಯೇ ತೀರ್ಪಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ವರ್ಜೀನಿಯಾ ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕೇ ಬೇಕು. ಒಂದು ಕಿಲೋ ಸೊಪ್ಪು ಹದವಾಗುವ ಹೊತ್ತಿಗೆ ಹಲವು ಕಿಲೋ ಸೌದೆ ಉರಿದಿರುತ್ತದೆ. ಇಷ್ಟೆಲ್ಲ ಇದ್ದರೂ ಬಹುಪಾಲು ಮರಗಳು ಹೋಗುವುದು ಇನ್ನೂ ಸರಳವಾದ ಕಾರಣಕ್ಕೆ. ಮಗಳ ಮದುವೆ, ಮಗನ ಕಾಲೇಜು ಫೀಸು, ಬತ್ತಿದ ಕೊಳವೆ ಬಾವಿ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಮರದ ವ್ಯಾಪಾರಿ ಬಂದು ನಗದು ಎಣಿಸುತ್ತಾನೆ. ಆ ಹೊತ್ತಿನಲ್ಲಿ ಮರ ಉಳಿಸಿ ಎಂದು ಬೇರೆ ಯಾರೂ ಹಣ ಹಿಡಿದು ಬರುವುದಿಲ್ಲ.

ಹೊಂಗೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಎಲ್ಲ ಒಣಗಿ ನಿಂತಾಗ ಅದು ಚಿಗುರುತ್ತದೆ, ಹೂವು ಸುರಿಸುತ್ತದೆ, ತುಡುವೆ ಜೇನಿಗೂ ಕೋಲುಜೇನಿಗೂ ಊಟ ಹಾಕುತ್ತದೆ. ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ಹಿಂದೆ ದೀಪಕ್ಕೆ ಆಗುತ್ತಿತ್ತು, ಹಿಂಡಿ ಇಂದಿಗೂ ಮಣ್ಣಿಗೆ ಸತ್ವ. ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಬದುವಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಟ್ಟಿಹಾಕುವುದೂ ಅದರ ಬೇರೇ. ಅತ್ತಿ, ಆಲ, ಅರಳಿ, ಬಸರಿಗಳು ಬೇರೆ ಹಣ್ಣಿಲ್ಲದ ದಿನಗಳಲ್ಲಿ ಕುಟ್ರುಹಕ್ಕಿಗೂ ಮಂಗಟ್ಟೆಗೂ ಬಾವಲಿಗೂ ಆಹಾರ. ಹೊಲದ ನಡುವಿನ ಮರದ ಮೇಲೆ ಕೂರುವ ಕಾಜಾಣ ಹಗಲೆಲ್ಲ ಹುಳು ಹಿಡಿಯುತ್ತದೆ. ಪೊಟರೆಯ ಹಾಲಕ್ಕಿ ರಾತ್ರಿ ಇಲಿ ಹಿಡಿಯುತ್ತದೆ. ಬೇಲಿಯ ಲಕ್ಕಿ, ಕಳ್ಳಿ, ಎಲಚಿಗಳ ಸಂದಿಯಲ್ಲಿ ಉಡ, ಮುಂಗುಸಿ, ಕೇರೆಹಾವುಗಳ ಸಂಸಾರ ನಡೆಯುತ್ತದೆ. ಬೇಲಿ ಹೋಗಿ ತಂತಿ ಬಂದಲ್ಲಿ ಇವು ಯಾವುವೂ ಇಲ್ಲ.

ನಮ್ಮ ರಾಜ್ಯಪಕ್ಷಿ ನೀಲಕಂಠ ಬೇಟೆಯಾಡುವುದು ಬಯಲಲ್ಲಿ, ಮೊಟ್ಟೆಯಿಡುವುದು ಹಳೆಯ ಮರದ ಪೊಟರೆಯಲ್ಲಿ. ಬಯಲೂ ಬೇಕು, ಬಯಲಿನಲ್ಲಿ ಮುದಿ ಮರವೂ ಬೇಕು. ಇಂದು ಸಸಿ ನೆಟ್ಟರೆ ಅದರಲ್ಲಿ ಪೊಟರೆ ಮೂಡಲು ಹಲವು ದಶಕ ಕಾಯಬೇಕು. ಅಷ್ಟು ಕಾಲ ಆ ಹಕ್ಕಿ ಎಲ್ಲಿರಬೇಕು? ಸಸಿ ನೆಡುವುದಕ್ಕಿಂತ ನಿಂತಿರುವ ಮರವನ್ನು ಕಾಯುವುದು ಮೊದಲು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಈಗ ನಮ್ಮ ಮುಖ್ಯ ಮಾತು. ಹಳ್ಳಿಗಳಲ್ಲಿ ಮರದ ವಿಷಯ ಎತ್ತಿದೊಡನೆ ಕೇಳಿಬರುವ ಪ್ರಶ್ನೆ ಒಂದಿದೆ: “ಮರ ಇರ್ಲಿ ಸ್ವಾಮಿ, ಅದರ ನೆರಳಲ್ಲಿ ರಾಗಿ ಬರಲ್ವಲ್ಲ, ಅದಕ್ಕೇನ್ ಹೇಳ್ತೀರಿ?” ಈ ಪ್ರಶ್ನೆಯನ್ನು ಪರಿಸರದ ಭಾಷಣದಿಂದ ಮುಚ್ಚಿಹಾಕುವುದು ಅನ್ಯಾಯ. ದೊಡ್ಡ ಮರದ ಕೆಳಗೆ ಬೆಳೆ ಸೊರಗುವುದು ನಿಜ. ಬೇರು ನೀರು ಹೀರುವುದು ನಿಜ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡವಾಗುವುದೂ ನಿಜ. ಮರದ ಖರ್ಚನ್ನು ಭರಿಸುವವರು ಆ ಹೊಲದ ರೈತರು, ಅವರ ಮನೆಯವರು. ಅದರ ಜೇನು, ಹಕ್ಕಿ, ತಂಪು, ಅಂತರ್ಜಲ, ಮಣ್ಣಿನ ಫಲ ಉಣ್ಣುವವರು ಇಡೀ ಸೀಮೆಯವರು, ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಮನೆ ಮಾಡಿಕೊಂಡ ನಾವೂ ಸೇರಿ. ಅಂದಮೇಲೆ ನಾವು ರೈತರಿಗೆ ಪಾಠ ಹೇಳಲು ಹೋಗತಕ್ಕವರಲ್ಲ. ನಾವು ಸಾಲಗಾರರು. ಈ ಚಳವಳಿ ಹುಟ್ಟಿರುವುದು ಆ ಸಾಲದ ಸ್ವಲ್ಪ ಭಾಗವನ್ನಾದರೂ ಮೈಮುರಿದು, ಕೈಯಿಂದ ಖರ್ಚು ಮಾಡಿ ತೀರಿಸಲು.

ಮರದ ಮೇಲಿನ ಹಕ್ಕು ರೈತರ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಆ ಬಳಿಕ ಒಡೆಯರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ, ಖಾಸಗಿ ಹೊಲದಲ್ಲಿ ಬೆಳೆದ ಗಂಧ ಸರ್ಕಾರದ್ದೇ ಆಗಿತ್ತು. ಗಂಧದ ಹಣ್ಣು ತಿಂದ ಹಕ್ಕಿಗಳು ಬೇಲಿಗುಂಟ ಬೀಜ ಬಿತ್ತುತ್ತಿದ್ದವು. ಮೊಳೆತ ಗಿಡವನ್ನು ಕಂಡ ರೈತರು, ಮುಂದೆ ಕಳ್ಳರ ಕಾಟ, ಅಧಿಕಾರಿಗಳ ವಿಚಾರಣೆ ಯಾಕೆಂದು ಎಳೆಯದರಲ್ಲೇ ಕಿತ್ತು ಹಾಕುತ್ತಿದ್ದರು. 2001ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿ ಬಂದು ಜಮೀನಿನ ಒಡೆಯರೇ ಗಂಧದ ಒಡೆಯರೆಂದು ಆಗುವ ಹೊತ್ತಿಗೆ ಎರಡು ಶತಮಾನ ಕಳೆದಿತ್ತು.

ಆಫ್ರಿಕಾದ ನೈಜರ್ ದೇಶದ ಕಥೆಯೂ ಇದಕ್ಕೆ ಹತ್ತಿರದ್ದು. ಅಲ್ಲಿಯೂ ಮರ ಸರ್ಕಾರದ್ದು ಎಂಬ ಭಾವನೆಯಿದ್ದ ಕಾಲದಲ್ಲಿ ಹೊಲಗಳು ಬೋಳಾದವು. 1980ರ ದಶಕದಿಂದ ಮರಾದಿ, ಜಿಂದರ್ ಪ್ರಾಂತ್ಯಗಳ ರೈತರು ಹೊಲದಲ್ಲಿ ಉಳಿದಿದ್ದ ಹಳೆಯ ಬೊಡ್ಡೆಗಳಿಂದ ಎದ್ದ ಚಿಗುರನ್ನು ಉಳಲು ಹೋಗಿ ಕೀಳದೆ, ಬಲವಾದ ಎರಡು ಮೂರು ಕವಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಸವರಿ ಬೆಳೆಸತೊಡಗಿದರು. ಆ ಮರ ನಮ್ಮದೇ ಎಂಬ ಧೈರ್ಯ ಬರುತ್ತಿದ್ದಂತೆ ಈ ಪದ್ಧತಿ ಊರಿಂದೂರಿಗೆ ಹರಡಿ, ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಮರಳಿ ಬಂದವು. ನರ್ಸರಿ ಬೇಕಾಗಲಿಲ್ಲ, ಗುಂಡಿ ತೋಡುವ ಗುತ್ತಿಗೆ ಬೇಕಾಗಲಿಲ್ಲ. ನಮ್ಮ ಬದುಗಳಲ್ಲೂ ಪ್ರತಿ ಮುಂಗಾರಿಗೆ ಬೇವು, ಹೊಂಗೆ, ಜಾಲಿ, ನೇರಳೆ ತಾವಾಗಿಯೇ ಮೊಳೆಯುತ್ತವೆ. ದನ, ಕುಡುಗೋಲು, ಬೆಂಕಿ, ಕಳೆನಾಶಕ ಇವುಗಳಿಂದ ಎರಡು ಬೇಸಿಗೆ ಪಾರು ಮಾಡಿದರೆ ಅವು ತಮ್ಮ ಬದುಕನ್ನು ತಾವೇ ನೋಡಿಕೊಳ್ಳುತ್ತವೆ.

ಕರ್ನಾಟಕದಲ್ಲಿ ಮರದ ಚಳವಳಿಗೆ ದೊಡ್ಡ ಪರಂಪರೆ ಇದೆ. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡರು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನೀಲಗಿರಿ ಸಸಿಗಳನ್ನು ಕಿತ್ತೆಸೆದು, ನಮಗೆ ಬೇಕಾದ ಮರ ಯಾವುದೆಂದು ನಾವು ಹೇಳುತ್ತೇವೆ ಎಂದರು. 1987ರಲ್ಲಿ ಕುಸನೂರಿನಲ್ಲಿ ನೀಲಗಿರಿ ಕಿತ್ತು ಊರಿಗೆ ಬೇಕಾದ ಸಸಿ ಹಚ್ಚುವ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಊರಿಗೆ ಬೇಡದ ಮರವನ್ನು ಊರ ನೆಲದ ಮೇಲೆ ಹೇರಬಾರದು ಎಂಬ ಈ ಪಾಠ ನಮಗೂ ಕಟ್ಟುಪಾಡು. ಆದ್ದರಿಂದ ರೈತರು ಕೇಳದ ಯಾವ ಸಸಿಯನ್ನೂ ನಾವು ಅವರ ಹೊಲದಲ್ಲಿ ನೆಡುವುದಿಲ್ಲ. ಬೇಗ ಬೆಳೆಯುತ್ತದೆ ಎಂಬ ಒಂದೇ ಗುಣಕ್ಕೆ ಹೊರಗಿನ ಜಾತಿಗಳನ್ನು ತಂದು ಹಂಚುವುದಿಲ್ಲ. ಲಕ್ಷ ಸಸಿ, ಕೋಟಿ ಸಸಿ ಎಂಬ ಗುರಿ ನಮಗಿಲ್ಲ. ಜೂನ್ 5ರಂದು ನೆಟ್ಟು ಫೋಟೊ ತೆಗೆಸಿಕೊಂಡ ಸಸಿಗಳು ಮುಂದಿನ ಮಾರ್ಚ್‌ಗೆ ಏನಾದವೆಂದು ಕೇಳುವವರೇ ಇಲ್ಲದ್ದನ್ನು ನೋಡಿ ನೋಡಿ ಈ ನಿರ್ಧಾರಕ್ಕೆ ಬಂದಿದ್ದೇವೆ. ರೈತರ ಮೇಲೆ ದೂರು ಕೊಡುವುದೂ ನಮ್ಮ ಕೆಲಸವಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ತನ್ನ ಪಾಡಿಗೆ ತಾನಿರಲಿ. ಅದನ್ನು ಬೆದರಿಕೆಯಾಗಿ ಹಿಡಿದು ಹೊಲಕ್ಕೆ ಕಾಲಿಡುವ ಸ್ವಯಂಸೇವಕರು ಈ ಬಳಗದವರಲ್ಲ.

ಹಾಗಾದರೆ ಮಾಡುವುದೇನು? ಕೇಳಿ, ಒಪ್ಪಿಗೆ ಪಡೆದು, ಹೊಲದವರ ಜೊತೆಯಲ್ಲೇ ಮಾಡುವ ಕೆಲಸಗಳಿವು. ಬದುವಿನಲ್ಲಿ ತಾನಾಗಿ ಎದ್ದ ಸಸಿಗೆ ಊರುಗೋಲು ಕೊಟ್ಟು, ಸುತ್ತ ಜಾಲಿಮುಳ್ಳು ಕಟ್ಟಿ, ಬೇಸಿಗೆಯಲ್ಲಿ ಬುಡಕ್ಕೆ ತರಗು ಮುಚ್ಚಿ, ತೀರ ಒಣಗಿದರೆ ನೀರು ಹೊರುವುದು. ಕಬ್ಬಿನ ತರಗಿಗೋ ಕೂಳೆಗೋ ಬೆಂಕಿ ಇಡುವ ಮೊದಲು ಮರದ ಸುತ್ತ ಆಳಗಲದ ನೆಲವನ್ನು ಕೆತ್ತಿ ಬೋಳು ಮಾಡುವುದು. ಬುಡ ಒಮ್ಮೆ ಸುಟ್ಟರೆ ಮರ ಅಂದೇ ಸಾಯುವುದಿಲ್ಲ. ತೊಗಟೆ ಬಿರಿಯುತ್ತದೆ, ಗೆದ್ದಲು ಸೇರುತ್ತದೆ, ಕೆಲವು ವರ್ಷಗಳ ಬಳಿಕ ಗಾಳಿಗೆ ಬೀಳುತ್ತದೆ. ಆಗ ಗಾಳಿಗೆ ಬಿತ್ತು ಎನ್ನುತ್ತೇವೆ.

ನೆರಳಿನ ನಷ್ಟಕ್ಕೆ ಉತ್ತರ ರೆಂಬೆ ಸವರುವುದರಲ್ಲಿದೆ. ಬಿತ್ತನೆಗೆ ಮುಂಚೆ ಕೆಳಗಿನ ಕೊಂಬೆಗಳನ್ನು ಹದವಾಗಿ ತೆಗೆದರೆ ಬಿಸಿಲು ನೆಲಕ್ಕೆ ಇಳಿಯುತ್ತದೆ, ಸೊಪ್ಪು ಗೊಬ್ಬರಕ್ಕೆ, ಕಡ್ಡಿ ಒಲೆಗೆ ಸಿಗುತ್ತದೆ. ಹಿಂದಿನವರಿಗೆ ಇದು ಪ್ರತಿ ವರ್ಷದ ಕೆಲಸವಾಗಿತ್ತು. ಮರ ಹತ್ತಬಲ್ಲ ಆಳು ಸಿಗದೆ ಅದು ನಿಂತುಹೋಯಿತು. ಸವರದೆ ಬಿಟ್ಟ ಮರ ಹೊಲವನ್ನೆಲ್ಲ ಕವಿದು, ಕೊನೆಗೆ ಬುಡಕ್ಕೇ ಕೊಡಲಿ ಬೀಳುತ್ತದೆ. ಇಂದಿಗೂ ಈ ಕೆಲಸ ಬಲ್ಲವರು ಹಳ್ಳಿಗೊಬ್ಬರಿಬ್ಬರು ಇದ್ದಾರೆ. ಅವರಿಗೆ ಸರಿಯಾದ ಕೂಲಿ ಕೊಟ್ಟು ಕರೆಸುವುದು, ಹಗ್ಗ, ಹೆಲ್ಮೆಟ್ ಒದಗಿಸುವುದು, ನಾಲ್ಕು ಹುಡುಗರನ್ನು ಅವರ ಕೈಕೆಳಗೆ ಕಲಿಯಲು ಬಿಡುವುದು ನಮ್ಮ ಮೊದಲ ವರ್ಷದ ದೊಡ್ಡ ಕೆಲಸ. ಮಾವು, ಹೊಂಗೆಗಳಲ್ಲಿ ಬಂದಳಿಕೆ ಮಿತಿಮೀರಿ ಬೆಳೆದು ಕೊಂಬೆ ಒಣಗುತ್ತಿದ್ದರೆ ಅದನ್ನೂ ತೆಗೆಯಬೇಕು. ಪೂರ್ತಿಯಾಗಿ ಬೇಡ, ಬದನಿಕೆ ಹಕ್ಕಿಗೆ ಅದರ ಹಣ್ಣೇ ಜೀವನಾಧಾರ.

ಮರ ಮಾರಬೇಕಾದ ಸಂಕಟ ಬಂದ ಮನೆಯವರಿಗೆ ನಮ್ಮದೊಂದು ಬಿನ್ನಹ. ವ್ಯಾಪಾರಿಗೆ ಮಾತು ಕೊಡುವ ಮೊದಲು ನಮಗೊಂದು ಮಾತು ತಿಳಿಸಿ. ಬಳಗದಲ್ಲಿ ಸೇರುವ ಪ್ರತಿ ನಗರದ ಮನೆಯೂ ಒಂದು ಹೊಲದ ಮರದ ವರ್ಷದ ಪಾಲನೆಯ ಖರ್ಚನ್ನು, ನೆರಳಿನಿಂದಾಗುವ ಬೆಳೆ ನಷ್ಟದ ಒಂದು ಪಾಲನ್ನು ಹೊರಬೇಕೆಂದು ಗೊತ್ತುಮಾಡಿದ್ದೇವೆ. ಮೊತ್ತವನ್ನು ನಾವು ನಗರದಲ್ಲಿ ಕೂತು ತೀರ್ಮಾನಿಸುವುದಿಲ್ಲ, ಆಯಾ ಊರಿನ ಅರಳಿಕಟ್ಟೆಯ ಮೇಲೆ, ಹೆಂಗಸರೂ ಇರುವ ಸಭೆಯಲ್ಲಿ ತೀರ್ಮಾನವಾಗಲಿ. ಎಲ್ಲ ಮರವನ್ನೂ ಹೀಗೆ ಉಳಿಸಲಾಗದು. ಹಣ ಕೊಟ್ಟರೂ ಮಾರಲೇಬೇಕಾದವರು ಇರುತ್ತಾರೆ, ಅವರನ್ನು ನಾವು ದೂಷಿಸುವುದಿಲ್ಲ. ಆ ಮರದ ಬೀಜವನ್ನು ಕಡಿಯುವ ಮುನ್ನ ಸಂಗ್ರಹಿಸಿಕೊಳ್ಳುತ್ತೇವೆ.

ಇನ್ನು ದಾಖಲೆಯ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ತಳಿ, ತಿಳಿವಳಿಕೆಗಳನ್ನು ಜನತಾ ದಾಖಲಾತಿಯಲ್ಲಿ ಬರೆದಿಡಬೇಕು. ಬಹಳ ಕಡೆ ಈ ಪುಸ್ತಕ ಊರವರ ಕೈಗೇ ಬಂದಿಲ್ಲ. ಅದನ್ನು ಹೊರತೆಗೆಸಿ, ಪ್ರತಿ ಹಳೆಯ ಮರವನ್ನು ಸರ್ವೆ ನಂಬರಿನ ಸಮೇತ, ಅದಕ್ಕೆ ಊರವರು ಕರೆಯುವ ಹೆಸರಿನ ಸಮೇತ ಬರೆಸುತ್ತೇವೆ. ಗುಂಡುತೋಪುಗಳು ಕಂದಾಯ ದಾಖಲೆಯಲ್ಲಿ ಇಂದಿಗೂ ಇವೆ, ನೆಲದ ಮೇಲೆ ಎಷ್ಟು ಉಳಿದಿವೆ ಎಂದು ಅಳೆಯುವುದೂ ಇದರಲ್ಲಿ ಸೇರಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣವಾಯಿತು. ಮೈಸೂರು ಸೀಮೆಯ ಒಂದು ತೋಪಿಗೂ ಅಂಥ ಗೌರವ ದೊರಕಿಸಬಾರದೇಕೆ? ಲೆಕ್ಕ ಬರೆಯುವ ಅಭ್ಯಾಸ ನಮ್ಮ ನಗರಕ್ಕೆ ಹೊಸದೇನಲ್ಲ. 2014ರಲ್ಲಿ ಇಲ್ಲಿನ ಪಕ್ಷಿಪ್ರಿಯರು ನಗರವನ್ನು ಚೌಕಗಳಾಗಿ ಹಂಚಿಕೊಂಡು ಸುತ್ತಿ, ಹಕ್ಕಿಗಳ ನಕ್ಷೆ ಮಾಡಲು ಕೈಹಾಕಿದ್ದರು. ಅಂಥ ಕಣ್ಣು, ಅಂಥ ತಾಳ್ಮೆ ಈಗ ಹೊಲಗಳಿಗೂ ಬೇಕು.

ಸರ್ಕಾರದಿಂದ ನಾವು ಕೇಳುವುದು ಎರಡೇ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರು ನೆಟ್ಟು ಬದುಕಿಸಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ 35, 40, 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಕೊಡುವ ಏರ್ಪಾಡಿದೆ. ಒಳ್ಳೆಯ ಯೋಜನೆ. ಆದರೆ ಅದು ನರ್ಸರಿಯಿಂದ ತಂದ ಸಸಿಗೆ ಮಾತ್ರ ಸಲ್ಲುತ್ತದೆ. ತಾನಾಗಿ ಮೊಳೆತದ್ದನ್ನು ಉಳಿಸಿಕೊಂಡವರಿಗೂ, ಐವತ್ತು ವರ್ಷದ ಮರವನ್ನು ಕಡಿಯದೆ ಇಟ್ಟುಕೊಂಡವರಿಗೂ ಅದರಲ್ಲಿ ಪಾಲು ಸಿಗಬೇಕು. ಎರಡನೆಯದು, ಭೂಪರಿವರ್ತನೆಗೂ ಬಡಾವಣೆಯ ನಕ್ಷೆಗೂ ಒಪ್ಪಿಗೆ ಕೊಡುವ ಮೊದಲು ಆ ಜಮೀನಿನ ದೊಡ್ಡ ಮರಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು, ಉದ್ಯಾನದ ಜಾಗವನ್ನು ಮರ ಇರುವಲ್ಲಿಗೆ ತರಬೇಕು. ಇದ್ದ ಆಲವನ್ನು ಉರುಳಿಸಿ ಮೂಲೆಯ ಉದ್ಯಾನದಲ್ಲಿ ಹೊಸದಾಗಿ ನೆಡುವುದಕ್ಕೆ ಅರ್ಥವಿಲ್ಲ.

ನಗರದವರಿಗೂ ಒಂದು ಮಾತು. ಹಣ್ಣು ಮಾರಾಟವಾದರೆ ಮರ ಉಳಿಯುತ್ತದೆ. ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧ ಸಂಸ್ಥೆ ನಡೆಸುತ್ತ ಬಂದ ಹಲಸಿನ ಮೇಳಕ್ಕೆ ಜನ ಮುಗಿಬೀಳುವುದನ್ನು ಎಲ್ಲರೂ ಕಂಡಿದ್ದೀರಿ. ಬದುವಿನ ಹಲಸಿಗೆ ಬೆಲೆ ಬಂದ ಮೇಲೆ ಅದನ್ನು ಕಡಿಯುವ ಕೈ ತಡೆಯುತ್ತದೆ. ನೇರಳೆ, ಬೇಲ, ಹುಣಸೆ, ಸೀತಾಫಲ, ಹೊಂಗೆ ಹಿಂಡಿ, ಇವನ್ನೂ ಹಾಗೆಯೇ ಕೊಂಡರೆ ನಿಮ್ಮ ಅರ್ಧ ಕರ್ತವ್ಯ ಮುಗಿದಂತೆ. ವರ್ಷವರ್ಷವೂ ಈ ಊರಿನ ಜಂಬೂಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪ ಮುಟ್ಟುತ್ತದೆ. ಒಂದು ಮರದ ಹೆಸರಿನ ಜಾಗಕ್ಕೆ ಚಿನ್ನದ ಅಂಬಾರಿ ಕಳಿಸಿಕೊಡುವ ಊರಿನವರು ನಾವು. ಜಯಪುರದ ಹೊಲದ ಬನ್ನಿಗೂ ಆ ಗೌರವದಲ್ಲಿ ಪಾಲು ಇರಬೇಕು.

ನಗರದ ಮನೆಗಳು ಹೊರುವ ಮರದ ಖರ್ಚು ಬಿಟ್ಟರೆ ಈ ಬಳಗಕ್ಕೆ ಸೇರಲು ಬೇರೆ ಶುಲ್ಕವಿಲ್ಲ, ಸಸ್ಯಶಾಸ್ತ್ರ ಓದಿರಬೇಕಿಲ್ಲ. ತಿಂಗಳಿಗೊಂದು ಭಾನುವಾರ ಬಿಸಿಲಲ್ಲಿ ದುಡಿಯುವ ಮನಸ್ಸು, ಹೊಲದವರ ಮಾತನ್ನು ಪೂರ್ತಿ ಕೇಳುವ ಸಂಯಮ ಇದ್ದರೆ ಸಾಕು. ಮೈಸೂರಿನಲ್ಲಿ ನೆಲೆಸಿರುವ ಅನೇಕರಿಗೆ ಇನ್ನೂ ಒಂದು ಊರಿದೆ, ಊರಲ್ಲಿ ಅಪ್ಪನದೋ ಅಜ್ಜಿಯದೋ ಹೊಲವಿದೆ, ಈಗ ಅದನ್ನು ದೊಡ್ಡಪ್ಪನೋ ವಾರದವರೋ ಉಳುತ್ತಿದ್ದಾರೆ. ಈ ಪ್ರಣಾಳಿಕೆ ಓದಿದವರು ಮೊದಲು ಅಲ್ಲಿಗೆ ಹೋಗಿ ಬನ್ನಿ. ಬದುವಿನ ಮೇಲೆ ಒಂದು ಸುತ್ತು ನಡೆದು ಯಾವ ಯಾವ ಮರ ಉಳಿದಿದೆ ನೋಡಿ, ಉಳುವವರನ್ನು ಅವುಗಳಿಂದ ಏನು ತೊಂದರೆ, ಏನು ಅನುಕೂಲ ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬನ್ನಿ. ಮುಂಗಾರಿಗೆ ಮುಂಚೆ ರೆಂಬೆ ಸವರುವ ಕೆಲಸ ಆ ಪಟ್ಟಿಯಿಂದಲೇ ಶುರುವಾಗಲಿ.